ಅರಳಿ ಮರದ ಕೆಳಗಿನ ರಾಶಿ

ಬೇಡವಾದ ದೇವರುಗಳನ್ನು ತಂದು ನಮ್ಮ ಗೋಡೆಯ ಪಕ್ಕ ರಾಶಿ ಹಾಕಿದ್ದರು. ಅದಕ್ಕೆ ಕಿಡಿ ತಗುಲಿತು, ನಮ್ಮ ಮನೆ ಸುಟ್ಟಿತು. ನಡೆದದ್ದು ಇಷ್ಟೇ. ಬಿಸಿಲು, ಗಾಳಿ, ಒಣಹುಲ್ಲು, ಗ್ರಹಚಾರ ಅಂತ ಬೀದಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಸಿಲು ಎಲ್ಲಾ ವರ್ಷವೂ ಇರುತ್ತದೆ, ಗಾಳಿಯೂ ಇರುತ್ತದೆ. ಹುಲ್ಲನ್ನು ನಾನು ಹೆರೆದಿದ್ದೆ. ಗ್ರಹಚಾರ ಬಂದು ಯಾರ ಗೋಡೆಯ ಪಕ್ಕವೂ ಕಸ ಸುರಿಯುವುದಿಲ್ಲ.

ನಾವು ಆ ಮನೆಗೆ ಹೋದದ್ದೇ ಮೊಮ್ಮಗಳ ಉಸಿರಿಗಾಗಿ. ಅದಕ್ಕೆ ಮೊದಲು ಮಂಡಿ ಮೊಹಲ್ಲಾದಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ, ಪಕ್ಕದಲ್ಲಿ ಕಬ್ಬಿಣದ ಗೇಟು ಮಾಡುವ ವೆಲ್ಡಿಂಗ್ ಶಾಪು, ಮೇಲೆ ನಾವು. ಮೂಟೆ ಬಿಚ್ಚಿದ ದಿನ ಇಡೀ ಕಟ್ಟಡವೇ ಸೀನುತ್ತಿತ್ತು. ದೊಡ್ಡವರು ಸೀನಿ, ಮೂಗು ಒರೆಸಿಕೊಂಡು ಕೆಲಸ ನೋಡಿಕೊಳ್ಳುತ್ತಿದ್ದೆವು. ಈ ಮಗುವಿಗೆ ಅದು ಆಗುತ್ತಿರಲಿಲ್ಲ. ಎದೆಯೊಳಗೆ ಬೆಕ್ಕಿನ ಮರಿ ಸಿಕ್ಕಿಕೊಂಡ ಹಾಗೆ ಕುಂಯ್ ಕುಂಯ್ ಅನ್ನುತ್ತಿತ್ತು. ಉಸಿರು ಎಳೆದಾಗ ಪಕ್ಕೆಲುಬಿನ ಸಂದು ಒಳಕ್ಕೆ ಹೋಗಿ ಗುಣಿ ಬೀಳುತ್ತಿತ್ತು. ಉಬ್ಬಸ ಅಂದರು. ಬಾಯಿಗೆ ಹಿಡಿದು ಎಳೆಯುವ ಪಂಪು ಬರೆದುಕೊಟ್ಟ ಡಾಕ್ಟರು, ಇದು ಇರಲಿ, ಆದರೆ ಮೊದಲು ಗಾಳಿ ಬದಲಾಯಿಸಿ ಅಂದರು. ಗಾಳಿ ಬದಲಾಯಿಸುವುದು ಅಂದರೆ ಸೀರೆ ಬದಲಾಯಿಸಿದ ಹಾಗಾ ಅಂತ ನಾನು ಮನೆಗೆ ಬಂದು ಬೈದೆ.

ಆದರೂ ಮಗ ಬದಲಾಯಿಸಿದ. ಅವನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟು ಮಾಡುವವನು, ಸೊಸೆ ಗಾರ್ಮೆಂಟ್ಸಿಗೆ ಹೋಗುವವಳು. ಇಬ್ಬರೂ ಸೇರಿ ಮಂಡಕಳ್ಳಿ ಕಡೆ ಒಂದು ಲೇಔಟಿನ ಕೊನೇ ಸೈಟಿನಲ್ಲಿ ಮನೆ ಕಟ್ಟಿಸಿದರು. ಮುಂದಿನ ಎರಡು ರೂಮಿಗೆ ಕಾಂಕ್ರೀಟಿನ ಮೋಲ್ಡು ಹಾಕಿಸಿದರು, ಹಿಂದಿನ ಅಡುಗೆಮನೆಗೆ ಸಿಮೆಂಟಿನ ಶೀಟು ಹೊದಿಸಿದರು. ಅದನ್ನು ಆಮೇಲೆ ಸರಿ ಮಾಡಿಸೋಣ ಅಂದರು. ಆ ಆಮೇಲೆ ಬರಲೇ ಇಲ್ಲ.

ಹೋದ ಮೊದಲ ಮಳೆಗಾಲ ಪೂರ್ತಿ ಮಗು ಪಂಪು ಮುಟ್ಟಲಿಲ್ಲ. ಒಂದು ಸಂಜೆ ಬೀದಿಯ ಮಕ್ಕಳ ಜೊತೆ ಓಡಿತು. ಅದು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಓಡಿ ಬಂದು ಗೇಟು ಹಿಡಿದುಕೊಂಡು ನಿಂತಾಗ ಎಲ್ಲಾ ಮಕ್ಕಳ ಹಾಗೆ ಏದುಸಿರು ಬಿಡುತ್ತಿತ್ತು, ಕುಂಯ್ ಅನ್ನುವ ಸದ್ದಿರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಅತ್ತಳು. ಇದಕ್ಕೂ ಅಳ್ಬೇಕಾ, ಅಕ್ಕಿ ತೊಳಿ ಹೋಗು ಅಂದೆ.

ಬೇಸಿಗೆ ಬಂದಾಗ ಆ ಜಾಗದ ಇನ್ನೊಂದು ಮುಖ ಕಂಡಿತು. ನಮ್ಮ ಮನೆಯಿಂದಾಚೆಗೆ ಎಲ್ಲಾ ಹಿಂದೆ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು. ಸೈಟಾಗಲಿ ಅಂತ ಯಾರು ಯಾರೋ ಕೊಂಡು ಬಿಟ್ಟಿದ್ದರು. ಉಳುವವರಿಲ್ಲ, ಕಟ್ಟುವವರೂ ಇಲ್ಲ. ಆಳೆತ್ತರ ಹುಲ್ಲು, ಪಾರ್ಥೇನಿಯಂ, ಲಂಟಾನದ ಪೊದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಅದೆಲ್ಲಾ ಒಣಗಿ ಕಡ್ಡಿಯಾಗಿ, ಗಾಳಿ ಬೀಸಿದರೆ ಕಾಗದ ಮುದುರಿದ ಹಾಗೆ ಸದ್ದು ಮಾಡುತ್ತಿತ್ತು. ಯಾರೋ ಬೀಡಿ ಎಸೆದರು, ಯಾರೋ ಕಸಕ್ಕೆ ಕಡ್ಡಿ ಗೀರಿದರು ಅಂತ ದಿನ ಬಿಟ್ಟು ದಿನ ಎಲ್ಲಾದರೂ ಒಂದು ಕಡೆ ಹತ್ತಿ ಉರಿಯುತ್ತಿತ್ತು. ನಮ್ಮ ತಾರಸಿಯ ಮೇಲೆ ನಿಂತರೆ ಬೆಟ್ಟ ಕಾಣುತ್ತದೆ. ಕೆಲವು ಬೇಸಿಗೆ ಬೆಟ್ಟದ ಮೈಗೂ ಬೆಂಕಿ ಬೀಳುತ್ತಿತ್ತು. ಜನ ಮೊಬೈಲಲ್ಲಿ ಫೋಟೋ ಹಿಡಿಯುತ್ತಿದ್ದರು. ನಾನು ಗಾಳಿ ಯಾವ ಕಡೆಗೆ ಅಂತ ನೋಡುತ್ತಿದ್ದೆ.

ನಾನು ಹುಟ್ಟಿದ್ದು ಕಾಡಿನ ಅಂಚಿನ ಊರಲ್ಲಿ. ಬೇಸಿಗೆಯಲ್ಲಿ ಅಪ್ಪ ಕಾಡಿನ ಬೆಂಕಿ ಕಾಯುವ ಕೂಲಿಗೆ ಹೋಗುತ್ತಿದ್ದ. ಬೆಂಕಿ ಬರುವ ಮೊದಲೇ ನೆಲ ಹೆರೆದು, ಹುಲ್ಲು ಕಡ್ಡಿ ಇಲ್ಲದ ಬೋಳು ಪಟ್ಟಿ ಮಾಡುವುದು ಅವರ ಕೆಲಸ. ಬೆಂಕಿಯೂ ದನದ ಹಾಗೆ, ಮೇವಿಲ್ಲದ ಕಡೆ ಬರುವುದಿಲ್ಲ ಅನ್ನುತ್ತಿದ್ದ. ನನಗೆ ಗೊತ್ತಿದ್ದದ್ದು ಅಷ್ಟೇ, ಅದನ್ನೇ ಮಾಡಿದೆ. ಪ್ರತಿ ವರ್ಷ ಶಿವರಾತ್ರಿ ಆದ ಮೇಲೆ ಸಲಿಕೆ ತೆಗೆದುಕೊಂಡು ಮನೆಯ ಸುತ್ತ ಹೆರೆಯುತ್ತಿದ್ದೆ. ಸೊಂಟ ಹಿಡಿದುಕೊಂಡರೆ ಕೂತು ಹೆರೆಯುತ್ತಿದ್ದೆ. ಹಿಂದಿನ ಗೋಡೆಗೆ ನೀರು ತುಂಬಿದ ಡ್ರಮ್ಮು, ಅದರೊಳಗೆ ನೆನೆಸಿದ ಗೋಣಿಚೀಲ, ಬಡಿಯುವುದಕ್ಕೆ ಹೊಂಗೆ ಕೊಂಬೆ. ಸೌದೆಯನ್ನು ಬೀದಿ ಕಡೆಗೆ ಸಾಗಿಸುತ್ತಿದ್ದೆ. ಮಗ ನೋಡಿ ನಗುತ್ತಿದ್ದ. ನಮ್ಮವ್ವ ಮನೇಲೇ ಫಾರೆಸ್ಟ್ ಡಿಪಾರ್ಟ್‌ಮೆಂಟು ಇಟ್ಬುಟ್ಟವ್ಳೆ, ಇನ್ನೊಂದು ಜೀಪು ಕೊಡ್ಸಿದ್ರೆ ಆಯ್ತು ಅನ್ನುತ್ತಿದ್ದ. ಮೊಮ್ಮಗಳು ಒಂದು ಮುರಿದ ಸೌಟು ಹಿಡಿದು ನನ್ನ ಪಕ್ಕ ಹೆರೆಯುವುದಕ್ಕೆ ಕೂರುತ್ತಿದ್ದಳು. ಧೂಳು ಏಳುತ್ತದೆ ಅಂತ ಅವಳನ್ನು ಒಳಗೆ ಅಟ್ಟುತ್ತಿದ್ದೆ.

ಎಲ್ಲಾ ಕಡೆ ಹೆರೆಯುತ್ತಿದ್ದೆ, ಒಂದು ಕಡೆ ಬಿಟ್ಟು.

ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡ ಸೈಟು ಖಾಲಿ. ಅದರಲ್ಲಿ ಒಂದು ಅರಳಿ ಮರ, ಬುಡದಲ್ಲಿ ಹಳೇ ನಾಗರಕಲ್ಲು. ಹೊಲ ಇದ್ದ ಕಾಲದ್ದು. ಲೇಔಟಿನ ಜನ ಬಂದು ಮನೆ ಕಟ್ಟಿಕೊಂಡ ಮೇಲೆ, ಮನೆಯಲ್ಲಿ ಇಟ್ಟುಕೊಳ್ಳಲಾಗದ ದೇವರ ಸಾಮಾನನ್ನೆಲ್ಲಾ ಆ ಮರದ ಕೆಳಗೆ ತಂದಿಡಲು ಶುರು ಮಾಡಿದರು. ಗಾಜು ಒಡೆದ ಪಟ, ಬಣ್ಣ ಹೋದ ಪಟ, ಹೊಸದು ಬಂದ ಮೇಲೆ ಬೇಡವಾದ ಪಟ. ಒಣಗಿದ ಹಾರ, ಮಾವಿನ ತೋರಣ, ಬಾಳೆಕಂದು, ಕಳಶದ ತೆಂಗಿನಕಾಯಿ, ಎಣ್ಣೆ ಕುಡಿದ ಬತ್ತಿ, ಉಳಿದ ಕರ್ಪೂರ, ದೇವರಿಗೆ ಉಡಿಸಿದ ಜರಿ ಬಟ್ಟೆ, ಪ್ಲಾಸ್ಟಿಕ್ಕಿನ ಹೂವು. ಪೂಜೆ ಮಾಡಿದ್ದನ್ನು ಕಸದ ಗಾಡಿಗೆ ಹಾಕಬಾರದು, ಕಾಲಿಗೆ ಸಿಗಬಾರದು. ಹಾಗಾದರೆ ಎಲ್ಲಿಗೆ ಹಾಕಬೇಕು? ನಮ್ಮ ಗೋಡೆಯ ಪಕ್ಕ. ಯಾರೂ ಅದನ್ನು ಕಸ ಅಂದುಕೊಂಡಿರಲಿಲ್ಲ. ಕೈಮುಗಿದು ಇಟ್ಟು ಹೋಗುತ್ತಿದ್ದರು. ರಾಶಿ ನನ್ನ ಸೊಂಟದೆತ್ತರಕ್ಕೆ ಬಂತು, ಅದರ ಸುತ್ತ ಹುಲ್ಲು ಬೆಳೆದು ಒಣಗಿತು.

ನಾನು ಅದನ್ನು ಮುಟ್ಟುವಂತಿರಲಿಲ್ಲ. ನಮ್ಮ ಯಜಮಾನರು ಇದ್ದಾಗಲೇ ನಾವು ಬೌದ್ಧ ದೀಕ್ಷೆ ತೆಗೆದುಕೊಂಡವರು. ಮನೆಯಲ್ಲಿ ದೇವರ ಗೂಡಿಲ್ಲ. ಗೃಹಪ್ರವೇಶಕ್ಕೆ ಹೋಮ ಮಾಡಿಸಲಿಲ್ಲ, ಪುರೋಹಿತರು ಬರಲಿಲ್ಲ. ನಾವು ಯಾರು ಅಂತ ತಿಳಿಯಲು ಬೀದಿಗೆ ಅಷ್ಟು ಸಾಕಾಯಿತು. ಯಾರೂ ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ನಾವು ತಿಂಡಿ ಹಾಕಿ ಕೊಟ್ಟ ಡಬ್ಬಿ ಮಾತ್ರ ತೊಳೆದು ಖಾಲಿಯಾಗಿಯೇ ಬರುತ್ತಿತ್ತು, ಒಳಗಿದ್ದದ್ದನ್ನು ತಿಂದರೋ ಇಲ್ಲವೋ ನಾನು ಕೇಳಲಿಲ್ಲ.

ಮೊದಲ ಬೇಸಿಗೆಯೇ ಸಲಿಕೆ ಹಿಡಿದು ಆ ರಾಶಿಯ ಹತ್ತಿರ ಹೋದೆ. ಎದುರು ಮನೆಯಾಕೆ ಗೇಟಿನಿಂದ ಓಡಿ ಬಂದರು. ಒಳ್ಳೇ ಹೆಂಗಸು. ನನ್ನ ಮೊಮ್ಮಗಳಿಗೆ ಬಿಸ್ಕತ್ತು ಕೊಟ್ಟು ಅಕ್ಷರ ತಿದ್ದಿಸುತ್ತಿದ್ದವರು.

"ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಅದೆಲ್ಲ ಪೂಜೆ ಆಗಿರೋದು. ನೀವು ಮುಟ್ಟೋದು ಬೇಡ."

ಮತ್ತೆ ಯಾರು ಮುಟ್ಟಬೇಕು ಅಂತ ಕೇಳಿದೆ. ಯಾರಾದರೂ ಗೊತ್ತಿರುವವರನ್ನು ಕರೆಸಿ, ಶಾಸ್ತ್ರ ಪ್ರಕಾರ ಹೊಳೆಗೆ ಬಿಡಿಸುತ್ತೇವೆ ಅಂದರು. ನಾನೇ ಆಟೋ ಮಾಡಿಸಿ ಹೊಳೆಗೆ ಸಾಗಿಸುತ್ತೇನೆ ಅಂದೆ. ಬೇಡ ಅಂದರು. ನಿಮ್ಮವರೇ ಯಾರಾದರೂ ಆಟೋದಲ್ಲಿ ಕೂತುಕೊಳ್ಳಲಿ, ನಾನು ಮುಟ್ಟದೆ ದೂರ ನಿಲ್ಲುತ್ತೇನೆ ಅಂದೆ. ನೋಡೋಣ ಅಂದರು. ನೋಡೋಣ ಅನ್ನುವ ಮಾತಿಗೆ ಮೂರು ಬೇಸಿಗೆ ಕಳೆದವು. ಬೀದಿಯ ಗಂಡಸರು ಸೇರಿದ ಒಂದು ಸಭೆಯಲ್ಲಿ ಮಗನೂ ಕೇಳಿದ. ಅಲ್ಲಿ ಬೀದಿ ದೀಪದ ಮಾತು ಬಂತು, ಚರಂಡಿಯ ಮಾತು ಬಂತು, ರಾಶಿಯ ಮಾತು ಬಂದಾಗ ಎಲ್ಲರಿಗೂ ಮನೆಯಲ್ಲಿ ಕೆಲಸ ಇತ್ತು. ಮಗ ಬಂದು ನನಗೇ ಬುದ್ಧಿ ಹೇಳಿದ.

"ಸುಮ್ಕಿರವ್ವ. ಇಲ್ಲೇ ಬಾಳ್ಬೇಕು ನಾವು. ಮಗು ಆಡಾಕೆ ಓಯ್ತದೆ ಅವ್ರ ಮನೆಗೆಲ್ಲ."

ಮಗುವಿನ ಹೆಸರು ಹೇಳಿದರೆ ನನ್ನ ಬಾಯಿ ಮುಚ್ಚುತ್ತದೆ ಅಂತ ಅವನಿಗೆ ಗೊತ್ತಿತ್ತು. ಮುಚ್ಚಿದೆ. ಆ ಗೋಡೆಯ ಉದ್ದಕ್ಕೂ ನಮ್ಮ ಸೈಟಿನ ಒಳಗೆ ಎಷ್ಟು ಜಾಗ ಇತ್ತೋ ಅಷ್ಟನ್ನು ಮಣ್ಣು ಕಾಣುವ ಹಾಗೆ ಹೆರೆದೆ. ದಿನಾ ಸಂಜೆ ಶೀಟಿನ ಮೇಲೆ ಬಿದ್ದ ಅರಳಿ ಎಲೆಯನ್ನು ಕೋಲಲ್ಲಿ ತಳ್ಳಿದೆ.

ಎದುರು ಮನೆಯಾಕೆಯ ಮಗಳಿಗೆ ಮದುವೆ ಕೂಡಿ ಬರುತ್ತಿರಲಿಲ್ಲ. ಯಾರೋ ಹೇಳಿದರಂತೆ, ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಅಂತ. ಹೋಳು ಮಾಡಿದ ನಿಂಬೆಹಣ್ಣನ್ನು ಹಿಂಡಿ, ಸಿಪ್ಪೆಯನ್ನು ತಿರುವಿ ಬಟ್ಟಲು ಮಾಡಿ, ಅದಕ್ಕೆ ಎಣ್ಣೆ ಬತ್ತಿ ಹಾಕುವ ದೀಪ. ದೇವಸ್ಥಾನ ದೂರ, ಬಸ್ಸು ಹಿಡಿಯಬೇಕು. ಆಕೆ ಅರಳಿ ಮರದ ನಾಗರಕಲ್ಲಿನ ಮುಂದೆಯೇ ಹಚ್ಚತೊಡಗಿದರು. ಅಲ್ಲಿ ಬೇಡ ಕಣಮ್ಮ, ಸುತ್ತ ಒಣಹುಲ್ಲಿದೆ, ಹಚ್ಚಲೇಬೇಕಾದರೆ ಆರುವ ತನಕ ಅಲ್ಲೇ ಕೂತಿರು ಅಂದೆ. ದೀಪ ಹಚ್ಚಿದವರು ತಿರುಗಿ ನೋಡದೆ ಬರಬೇಕಂತೆ. ಹಾಗೆ ಹರಕೆ ಅಂತೆ.

ಬೆಂಕಿ ಬಿದ್ದ ಮಂಗಳವಾರದ ಹೊತ್ತಿಗೆ ಯುಗಾದಿ ಕಳೆದಿತ್ತು. ಹಬ್ಬಕ್ಕೆ ಎಲ್ಲರೂ ಮನೆ ಗುಡಿಸಿದ್ದರಿಂದ ರಾಶಿ ಇನ್ನೂ ಬೆಳೆದಿತ್ತು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಮಗುವಿಗೆ ಊಟ ಹಾಕಿ ಮುಂದಿನ ರೂಮಲ್ಲಿ ಮಲಗಿಸಿ, ನಾನು ಹೊಸ್ತಿಲಲ್ಲಿ ಕೂತು ಅವರೆ ಬೇಳೆ ಆರಿಸುತ್ತಿದ್ದೆ. ಮಧ್ಯಾಹ್ನ ಆಕೆ ಎಣ್ಣೆ, ಬತ್ತಿ ಹಿಡಿದು ಮರದ ಕಡೆ ಹೋಗಿ ದೀಪ ಹಚ್ಚಿ ವಾಪಸ್ಸು ಬಂದದ್ದನ್ನು ನೋಡಿದೆ. ಎದ್ದು ಹೋಗಿ ನೋಡಿ ಬರೋಣ ಅಂದುಕೊಳ್ಳುವಷ್ಟರಲ್ಲಿ ಗಾಳಿ ತಿರುಗಿತು. ಅಂಗಳದ ಧೂಳು ಒಂದು ಸುತ್ತು ಸುತ್ತಿತು. ಆಮೇಲೆ ವಾಸನೆ. ಮೊದಲು ಕರ್ಪೂರದ್ದು, ಅದರ ಹಿಂದೆಯೇ ಪ್ಲಾಸ್ಟಿಕ್ಕಿನದು.

ಹಿಂದಕ್ಕೆ ಓಡಿದೆ. ರಾಶಿ ಕೆಳಗಿನಿಂದ ಮೇಲಕ್ಕೆ ಹತ್ತಿಕೊಂಡಿತ್ತು. ಪಟದ ಗಾಜುಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಹುಲ್ಲಿಗೆ ಹಿಡಿದದ್ದು ಹೊಲದ ಕಡೆ ಓಡಿಹೋಯಿತು, ಕುದುರೆ ಬಿಟ್ಟ ಹಾಗೆ. ಈ ಕಡೆ ಬಂದದ್ದು ನಾನು ಹೆರೆದ ಮಣ್ಣಿನ ತನಕ ಬಂದು ನಿಂತಿತು. ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ. ಹೊಗೆ ಒಳಗೆ ಹೋಗದಿರಲಿ ಅಂತ ಮುಂದಿನ ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ, ಎದ್ದು ಕೂತಿದ್ದ ಮಗುವಿಗೆ ಒಳಗೇ ಇರು ಅಂತ ಹೇಳಿ, ಹಿಂದಕ್ಕೆ ಬಂದು ಗೋಣಿಚೀಲ ತೆಗೆದುಕೊಂಡು ಬಡಿದೆ. ಎದುರು ಮನೆಯಾಕೆ ಕೊಡ ಹಿಡಿದು ಬಂದರು. ಇನ್ನೂ ಯಾರು ಯಾರೋ ಬಂದರು. ನೀರು ಹಾಕಿದ ಕಡೆ ಆರುತ್ತಿತ್ತು, ರಾಶಿಯ ಒಳಗಿಂದ ಮತ್ತೆ ಏಳುತ್ತಿತ್ತು. ಅಷ್ಟು ವರ್ಷದ ಎಣ್ಣೆ, ಅಷ್ಟು ವರ್ಷದ ಕರ್ಪೂರ.

ಹುಲ್ಲಿನ ಬೆಂಕಿ ನೆಲದ ಮೇಲೆ ಬರುತ್ತದೆ. ಈ ಬೆಂಕಿ ಹಾರಿತು. ಜರಿ ಬಟ್ಟೆ, ಹಾರದ ದಾರ, ಪಟದ ಹಿಂದಿನ ರಟ್ಟು, ಎಲ್ಲಾ ಉರಿಯುತ್ತಾ ಮೇಲಕ್ಕೆದ್ದು ಗಾಳಿಯಲ್ಲಿ ತೇಲಿ ನಮ್ಮ ಶೀಟಿನ ಕೆಳಗಿನ ಸಂದಿನಲ್ಲಿ ನುಗ್ಗಿದವು. ಒಳಗೆ ಮರದ ತೊಲೆ, ಹಳೇ ಗೋಣಿ, ಸೊಸೆ ಹೊಲಿಯಲು ತಂದಿಟ್ಟ ಬಟ್ಟೆಯ ಗಂಟು. ನಾನು ಬೆಂಕಿಗೆ ಮುಖ ಮಾಡಿ ಬಡಿಯುತ್ತಿದ್ದೆ. ಅದು ನನ್ನ ಬೆನ್ನ ಹಿಂದೆ ಮನೆಯೊಳಗಿತ್ತು. ಯಾರೋ ಕೂಗಿದರು. ತಿರುಗಿದರೆ ಅಡುಗೆಮನೆಯ ಶೀಟಿನ ಅಂಚಿನಿಂದ ಕಪ್ಪು ಹೊಗೆ ಸುರಿಯುತ್ತಿತ್ತು.

ಮುಂದಿನ ಬಾಗಿಲು ತೆಗೆದೆ. ಒಳಗೆ ಉರಿ ಇರಲಿಲ್ಲ, ಹೊಗೆ ಇತ್ತು. ಬಗ್ಗಿ ನೆಲ ಹಿಡಿದು ಹೋದೆ. ಮಗು ಮಂಚದ ಕೆಳಗೆ ಸೇರಿಕೊಂಡಿತ್ತು, ಕೈಯಲ್ಲಿ ಪಂಪು ಹಿಡಿದಿತ್ತು. ಅಳುತ್ತಿರಲಿಲ್ಲ, ಅಳುವುದಕ್ಕೆ ಉಸಿರು ಬೇಕಲ್ಲ. ಎಳೆದು ಹೊರಗೆ ತಂದಾಗ ತುಟಿ ನೇರಳೆ ಹಣ್ಣು ತಿಂದ ಹಾಗೆ ಕಪ್ಪಾಗಿತ್ತು. ಪಕ್ಕೆಲುಬು ಎದ್ದು ಎದ್ದು ಬೀಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಕುಂಯ್ ಅನ್ನುವ ಸದ್ದೂ ನಿಂತಿತ್ತು. ಆ ಸದ್ದು ಒಂದು ಸಲ ಬರಲಿ ಅಂತ ನಾನು ಜೀವಮಾನದಲ್ಲಿ ಬಯಸಿದ್ದು ಆಗಲೇ.

ಎದುರು ಮನೆಯಾಕೆಯ ಯಜಮಾನರು ಕಾರು ತೆಗೆದರು. ಆಕೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಮಗುವಿನ ಕಾಲು ತೊಡೆಯ ಮೇಲಿಟ್ಟುಕೊಂಡು ಉಜ್ಜಿದರು. ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದರು. ಯಜಮಾನರು ಹಾರ್ನಿನಿಂದ ಕೈ ತೆಗೆಯದೆ ಓಡಿಸಿ ದೊಡ್ಡಾಸ್ಪತ್ರೆಗೆ ತಲುಪಿಸಿದರು. ಆ ಉಪಕಾರ ನಾನು ಮರೆಯುವುದಿಲ್ಲ. ಆ ದೀಪವನ್ನೂ ಮರೆಯುವುದಿಲ್ಲ. ಎರಡನ್ನೂ ಒಂದೇ ಮನೆಯವರು ಮಾಡಿದ್ದು, ನಾನೇನು ಮಾಡಲಿ.

ಮಗುವಿನ ಮುಖಕ್ಕೆ ಮಾಸ್ಕು ಹಾಕಿದರು, ಸೂಜಿ ಚುಚ್ಚಿದರು. ಸೊಸೆ ಗಾರ್ಮೆಂಟ್ಸಿನ ಏಪ್ರನ್ನು ಬಿಚ್ಚದೆ ಓಡಿ ಬಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮಗ ಬಂದು ಗೋಡೆಗೆ ಒರಗಿ ನಿಂತ. ಫೈರ್ ಇಂಜಿನ್ನು ಬಂದು ಆರಿಸಿತಂತೆ, ಸಿಲಿಂಡರನ್ನು ಹೊರಗೆಳೆದು ಹಾಕಿದರಂತೆ, ಅಡುಗೆಮನೆ ಹೋಯಿತು, ನಡುವಿನ ರೂಮು ಒಳಗೆಲ್ಲಾ ಸುಟ್ಟಿದೆ, ಮುಂದಿನ ರೂಮು ನಿಂತಿದೆ ಅಂದ. ಹೊಲಗಳ ಕಡೆ ಕೆರೆಯ ತನಕ ಕರಕಲಾಗಿದೆಯಂತೆ. ಹೇಳಿ ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಹೇಳಿದ.

ಡಾಕ್ಟರು ಬಂದು, ಸದ್ಯಕ್ಕೆ ಪರವಾಗಿಲ್ಲ, ಆದರೆ ಎದೆಗೆ ಪೆಟ್ಟಾಗಿದೆ, ಮೊದಲಿನ ಹಾಗೆ ಆಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ ಅಂದರು. ಇನ್ನು ಮೇಲೆ ಹೊಗೆ, ಧೂಳು ಇರುವ ಕಡೆ ಇಟ್ಟುಕೊಳ್ಳಬೇಡಿ ಅಂದರು. ಸೊಸೆ ಅವತ್ತು ಬಾಯಿ ಬಿಟ್ಟದ್ದು ಆಗಲೇ.

"ಅದು ಇಲ್ದೇ ಇರೋ ಕಡೆ ಅಂದ್ರೆ ಎಲ್ಲಿ ಸಾರ್?"

ಡಾಕ್ಟರು ಔಷಧಿ ಚೀಟಿ ಬರೆದು ಅವಳ ಕೈಗೆ ಕೊಟ್ಟರು. ಪಾಪ, ಅವರಿಗೂ ಗೊತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಮಗು ಕಣ್ಣು ಬಿಟ್ಟಿತು. ಕುಂಯ್ ಅನ್ನುವ ಸದ್ದು ಮತ್ತೆ ಬಂದಿತ್ತು. ಏನಾದರೂ ತೆಳ್ಳಗೆ ಗಂಜಿ ಕುಡಿಸಬಹುದು ಅಂದರು. ಕ್ಯಾಂಟೀನಿನದ್ದು ಬೇಡ, ಅಜ್ಜಿ ಗಂಜಿ ಬೇಕು ಅಂತ ಮಾಸ್ಕಿನ ಒಳಗಿನಿಂದ ಅಂದಿತು. ನಾನು ಮೊದಲ ಬಸ್ಸು ಹಿಡಿದು ಮನೆಗೆ ಬಂದೆ.

ಮನೆ ಅಂದರೆ ಮುಂದೆ ಬಾಗಿಲು, ಹಿಂದೆ ಆಕಾಶ. ಶೀಟು ಪುಡಿಯಾಗಿ ನೆಲಕ್ಕೆ ಬಿದ್ದಿತ್ತು. ನಾನು ಹೆರೆದ ಮಣ್ಣಿನ ಪಟ್ಟಿ ಮಾತ್ರ ಹಾಗೇ ಕೆಂಪಗಿತ್ತು, ಆ ಕಡೆಯೂ ಕಪ್ಪು, ಈ ಕಡೆಯೂ ಕಪ್ಪು. ಪಾತ್ರೆಗಳನ್ನು ಅಂಗಳಕ್ಕೆ ಎತ್ತಿ ಹಾಕಿದ್ದರು, ಎಲ್ಲಕ್ಕೂ ಮಸಿ ಹಿಡಿದಿತ್ತು. ಅಕ್ಕಿ ಡಬ್ಬ ಮುಂದಿನ ರೂಮಲ್ಲಿ ಇದ್ದದ್ದರಿಂದ ಉಳಿದಿತ್ತು.

ಎದುರು ಮನೆಯಾಕೆ ಗೇಟಿನ ಹತ್ತಿರ ಬಂದು ನಿಂತರು. ಮಗು ಹೇಗಿದೆ ಅಂತ ಮೊದಲು ಕೇಳಿದರು, ನಿಜವಾಗಿ ಕೇಳಿದರು, ಕಣ್ಣು ಊದಿತ್ತು. ಹೇಳಿದೆ. ಆಮೇಲೂ ಅವರು ಹೋಗಲಿಲ್ಲ.

"ಅಜ್ಜಿ, ಹೆಂಗ್ ಕೇಳ್ಬೇಕೋ ಗೊತ್ತಾಗ್ತಿಲ್ಲ. ಸುಟ್ಟಿರೋ ದೇವ್ರ ಪಟ ಹಾಗೇ ಕಣ್ಣೆದುರಿಗೆ ಬಿದ್ದಿದ್ರೆ ಒಳ್ಳೇದಲ್ಲ ಅಂತ ಎಲ್ರೂ ಹೇಳ್ತಿದಾರೆ. ಸುಟ್ಟ ಮೇಲೆ ನಾವು ಅದನ್ನ ಮುಟ್ಟೋ ಹಾಗಿಲ್ಲ. ಕಸದ ಗಾಡಿಯವ್ರನ್ನ ಕೇಳ್ದೆ, ಬೂದಿ ಹಾಕ್ಕೊಳ್ಳಲ್ಲ ಅಂದ್ರು. ನೀವು ಒಂಚೂರು..."

"ನಾನ್ ಮುಟ್ಬೋದಾ?"

ಆಕೆ ನೆಲ ನೋಡಿದರು.

"ಯಾವತ್ತಿಂದ ಮುಟ್ಬೋದು ಕಣಮ್ಮ, ಇವತ್ತಿಂದ್ಲಾ?"

ಉತ್ತರಕ್ಕೆ ನಾನು ಕಾಯಲಿಲ್ಲ. ಆಸ್ಪತ್ರೆಯಲ್ಲಿ ಮಗು ಹಸಿದಿತ್ತು.

ಜರಡಿ ಹುಡುಕಿ ತೆಗೆದುಕೊಂಡು ಅರಳಿ ಮರದ ಕೆಳಗೆ ಹೋದೆ. ಮರದ ಒಂದು ಮಗ್ಗುಲು ಸುಟ್ಟಿತ್ತು. ಮೂರು ವರ್ಷ ಕೈ ಹಾಕಬಾರದು ಅಂದಿದ್ದ ಕಡೆ ಎರಡೂ ಕೈ ಹಾಕಿ ಬೂದಿ ತುಂಬಿದೆ. ಗಾಜಿನ ಚೂರು, ಮೊಳೆ, ಕರಗಿದ ಪ್ಲಾಸ್ಟಿಕ್ಕಿನ ಮುದ್ದೆ ಜರಡಿಯ ಮೇಲೆ ಉಳಿದವು, ಕೆಳಗೆ ನುಣ್ಣನೆಯ ಬಿಳಿ ಬೂದಿ ಬಿತ್ತು. ತೆಂಗಿನಕಾಯಿ ಸುಟ್ಟ ಬೂದಿ ಮಸಿ ತೆಗೆಯಲು ಒಳ್ಳೆಯದು. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ತೆಂಗಿನ ನಾರು ಒದ್ದೆ ಮಾಡಿ ಅದಕ್ಕೆ ಅದ್ದಿಕೊಂಡು ಒಂದು ಸಣ್ಣ ಪಾತ್ರೆ, ಒಂದು ಮುಚ್ಚಳ, ಒಂದು ಚಮಚ ತಿಕ್ಕಿದೆ. ಆಕೆ ಗೇಟಿನಲ್ಲೇ ನಿಂತು ನೋಡುತ್ತಿದ್ದರು. ಅಯ್ಯೋ ಅಂತ ಏನೋ ಅಂದರು.

ಪಾತ್ರೆ ಬೆಳ್ಳಗಾಯಿತು. ಮೂರು ಇಟ್ಟಿಗೆ ಇಟ್ಟು, ನಮ್ಮ ಅಡುಗೆಮನೆಯ ಕಿಟಕಿಯ ಚೌಕಟ್ಟಿನಿಂದ ಉಳಿದಿದ್ದ ಇದ್ದಿಲು ಮುರಿದು ಹಾಕಿ, ಊದಿ ಊದಿ ಕೆಂಡ ಮಾಡಿದೆ. ಇದ್ದಿಲಾದ್ದರಿಂದ ಹೊಗೆ ಬರಲಿಲ್ಲ. ಅಕ್ಕಿ ತೊಳೆದು ಹಾಕಿದೆ. ಬೇಯುವ ತನಕ ಅಲ್ಲೇ ಕೂತಿದ್ದೆ, ಎದ್ದು ಎಲ್ಲಿಗೂ ಹೋಗಲಿಲ್ಲ. ಬೆಂದ ಮೇಲೆ ಕೆಂಡಕ್ಕೆ ನೀರು ಹಾಕಿ, ಕೈಯಿಟ್ಟು ತಣ್ಣಗಾಗಿದೆಯಾ ಅಂತ ಮುಟ್ಟಿ ನೋಡಿ, ಪಾತ್ರೆಗೆ ಬಟ್ಟೆ ಕಟ್ಟಿಕೊಂಡು ಬಸ್ ಸ್ಟಾಪಿಗೆ ನಡೆದೆ.